ನಟನ ಕೊರಳಿಂದ ಬಿಚ್ಚಿ ತಂದ ಬೋರಮಾಳ

ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಭಾಲ್ಕಿಯಲ್ಲಿ ನಾಟಕ ಕಂಪನಿ ತಂಬು ಹಾಕಿತೆಂದರೆ ಊರಿಗೆ ಊರೇ ಮತಿ ಕಳೆದುಕೊಳ್ಳುತ್ತಿತ್ತು. ಹೆಣ್ಣು ಪಾತ್ರದ ಕಾಶೀರಾಮ ಬಂದ ವರ್ಷವಂತೂ ಕೇಳಬೇಡಿ. ಅವನು ಕುಡಿದು ಬಿಟ್ಟ ಚಹಾದ ಎಂಜಲು ಬಸಿತಟ್ಟೆಗಾಗಿ ಊರಿನ ದೊಡ್ಡ ಮನುಷ್ಯರೇ ಕಿತ್ತಾಡಿದರು. ಥೂ! ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ.

ಅಂಥವರಲ್ಲಿ ಕಾಳಿನ ವ್ಯಾಪಾರಿ ವೈಜಿನಾಥನೂ ಒಬ್ಬ. ಅವನ ಹೆಂಡತಿ ಶಾಂತಾಬಾಯಿ ನನ್ನ ಅಜ್ಜಿಯ ನೆರೆಯವಳು. ಕಡಿಮೆ ಮಾತಿನ, ಕಟ್ಟುನಿಟ್ಟಿನ ಹೆಂಗಸು. ಹಲಬರ್ಗಾದ ತವರಿನಿಂದ ಬಂದ ಬೋರಮಾಳವನ್ನು, ಅಂದರೆ ಚಿನ್ನದ ಗುಂಡಿನ ಸರವನ್ನು, ತಾನು ಹಾಕಿಕೊಳ್ಳದೆ ಮಗಳು ಗೌರಾಬಾಯಿಯ ಮದುವೆಗೆಂದು ಎತ್ತಿಟ್ಟಿದ್ದಳು.

ಕಂಪನಿ ಊರು ಬಿಡುವ ಮುಂಚೆ ಸನ್ಮಾನದ ಆಟ. ಆಟ ಕಡಿಮೆ, ಸನ್ಮಾನವೇ ಹೆಚ್ಚು. ಬೆಳ್ಳಿ ಪದಕಗಳನ್ನು ಕಂಪನಿಯವರೇ ಪೆಟ್ಟಿಗೆಯಲ್ಲಿ ತಂದಿದ್ದರು. ಪರದೆಯ ಹಿಂದೆ ಸಾಹುಕಾರರ ಕೈಗೆ ಕೊಡುವುದು, ಪರದೆಯ ಮುಂದೆ ಅವರಿಂದಲೇ ತೊಡಿಸಿಕೊಳ್ಳುವುದು! ಸತ್ತು ಬಿದ್ದಿದ್ದ ರಾಜ ಎದ್ದು ಪದಕ ತೊಟ್ಟು, ಕೈಮುಗಿದು, ಮತ್ತೆ ಸತ್ತ. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆಮೇಲೆ ಉಡುಗೊರೆಗಳ ಸರದಿ. "ವೈಜಿನಾಥ ಸಾಹುಕಾರರಿಂದ ಕಾಶೀರಾಮರಿಗೆ ಒಂದು ಬೋರಮಾಳ!" ಎಂದು ಕೂಗಿ ಅವನ ಕೊರಳಿಗೆ ಹಾಕಿದರು. ಹೆಂಡತಿ ಎತ್ತಿಟ್ಟಿದ್ದ ಸರವನ್ನೇ ವೈಜಿನಾಥ ಮನೆಯ ಪೆಟ್ಟಿಗೆಯಿಂದ ಕದ್ದು ತಂದಿದ್ದ.

ಹೆಂಗಸರ ಪರದೆಯ ಹಿಂದೆ ಕುಳಿತಿದ್ದ ಶಾಂತಾಬಾಯಿ ಎದ್ದಳು. ನೆಟ್ಟಗೆ ರಂಗದ ಮೇಲೆ ಹತ್ತಿ, ಕಾಶೀರಾಮನ ಕೊರಳಿಗೆ ಕೈಹಾಕಿ ಸರ ಬಿಚ್ಚಿಕೊಂಡಳು.

"ಇದು ನನ್ನ ಮಗಳದು ಅದರಿ," ಎಂದಷ್ಟೇ ಹೇಳಿ ಇಳಿದಳು.

ಊರು ಅವಳ ಮೇಲೆ ತಿರುಗಿಬಿತ್ತು. ಕಲಾವಿದನ ಮಾನ ಕಳೆದಳೆಂದು ಗಂಡ ಮಾತು ಬಿಟ್ಟ. ಬಾವಿಯ ಹತ್ತಿರ ಹೆಂಗಸರು ಮುಖ ತಿರುವಿದರು. ಕದ್ದವನಿಗೆ ಮರ್ಯಾದೆ, ಕೇಳಿದವಳಿಗೆ ಬೈಗುಳ! ಮಗಳಿಗೆ ಬರುತ್ತಿದ್ದ ಸಂಬಂಧಗಳೂ ನಿಂತುಹೋದವು. ಆಗ ಮಾತ್ರ ಶಾಂತಾಬಾಯಿ ಹೆದರಿದಳು.

ಕೆಲವು ತಿಂಗಳ ಮೇಲೆ ಔರಾದಿನ ಸ್ಥಿತಿವಂತ ಬಸವಣ್ಣೆಪ್ಪ ಹೆಂಡತಿ, ಮಗನೊಂದಿಗೆ ತಾನಾಗಿಯೇ ಹೆಣ್ಣು ಕೇಳಿಕೊಂಡು ಬಂದ. ವರದಕ್ಷಿಣೆ ಬೇಡವೆಂದ. ಶಾಂತಾಬಾಯಿಗೆ ಹೋದ ಜೀವ ಬಂದಂತಾಯಿತು. ಗೌರಾಬಾಯಿ ಬಂದು ತಲೆತಗ್ಗಿಸಿ ಕೂತಳು. ಅವಳ ಹೆಸರನ್ನೂ ಯಾರೂ ಕೇಳಲಿಲ್ಲ.

"ಬೀಗರ, ಮೊದಲ ಆ ಬೋರಮಾಳ ತೋರಸ್ರಿ," ಎಂದ ಬಸವಣ್ಣೆಪ್ಪ.

ತಂದುಕೊಟ್ಟಾಗ ಅವನ ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ಮದುಮಗನಾಗಬೇಕಾದವನು ಮೂಗಿಗೆ ಹಿಡಿದು ಮೂಸಿದ.

"ಕಾಶೀರಾಮರ ಬೆವರು ಹತ್ತಿದ ಸರ! ನೀವು ಇದನ್ನ ತೊಳದಿಲ್ಲ, ಹೌದಿಲ್ರಿ?" ಎಂದು ಬಸವಣ್ಣೆಪ್ಪ ಕೇಳಿದ. "ಹಿಂಗೇ ಬೇಕ್ರಿ ನಮಗ. ಔರಾದದಾಗ ಮಂದಿಗಿ ತೋರಸ್ತೇವಿ."

ವೈಜಿನಾಥ ಹೆಂಡತಿಗೆ ಕಣ್ಸನ್ನೆ ಮಾಡಿದ. ತೊಳೆದಿಲ್ಲ ಎಂದರೆ ಸಾಕು, ಮಗಳ ಮದುವೆ ಆದಂತೆ. ಶಾಂತಾಬಾಯಿ ಮಗಳ ಕಡೆ ನೋಡಿದಳು.

"ತೊಳದೇನ್ರಿ," ಎಂದಳು. "ಅವತ್ತೇ ಅಂಟವಾಳ ಹಚ್ಚಿ, ತಿಕ್ಕಿ ತಿಕ್ಕಿ ತೊಳದೇನಿ. ಈಗ ನೀವು ಮುಟ್ಟೀರಿ. ಮತ್ತ ತೊಳೀಬೇಕು."

ಬಂದವರು ಸರವನ್ನು ಅಲ್ಲೇ ಇಟ್ಟು, ಚಹಾ ಕುಡಿಯದೆ ಎದ್ದುಹೋದರು. ಗೌರಾಬಾಯಿ ಯಾರೂ ಹೇಳದೆಯೇ ಒಳಗಿನಿಂದ ಒಂದು ಚೆಂಬು ನೀರು ತಂದು ತಾಯಿಯ ಮುಂದಿಟ್ಟಳು.