ಹಳದಿ ಬಾಗಿಲಾ, ನೀಲಿ ಎಮ್ಮಿ

ಎಂಬತ್ತರ ದಶಕದ ಮಾತು. ನಮ್ಮೂರು ಮೊರಬ, ನಾ ಧಾರವಾಡದಾಗ ಚಿತ್ರಕಲಾ ಕಲಿಯಾಕತ್ತಿದ್ದೆ. ಕಣ್ಣಿಗೆ ಕಂಡದ್ದನ್ನ ಬಿಟ್ಟು ಮನಸಿಗೆ ಅನಿಸಿದ್ದನ್ನ ಬರೀರಿ ಅಂತಿದ್ರು ನಮ್ಮ ಮಾಸ್ತರು. ಅದಕ್ಕ ಅಭಿವ್ಯಕ್ತಿವಾದ ಅಂತ ಹೆಸರೂ ಇತ್ತು. ನನಗ ಅದರದ್ದ ಹುಚ್ಚ ಹಿಡೀತು. ಸೂಟಿಗೆ ಬಂದಾಗ ನಮ್ಮ ಮನೀನ ಬರದೆ. ಗ್ವಾಡಿ ಸೊಟ್ಟ, ಎಮ್ಮಿ ನೀಲಿ, ಸುತ್ತೆಲ್ಲಾ ಎರಿಮಣ್ಣಿನ ಕಪ್ಪ. ನಡಕ ತೆರದ ಬಾಗಿಲಾ, ಅದರಾಗಿಂದ ಹೊರಗ ಚೆಲ್ಲೋ ದಟ್ಟ ಹಳದಿ ಬೆಳಕ. ಬೆಳಕ ಅಂದ್ರ ಭರವಸಿ ಅಂತ ಮನಿಮಂದಿಗೆಲ್ಲಾ ಬಿಡಿಸಿ ಹೇಳಿದೆ.

"ಭರವಸಿ ಇರ್ಲೆಪಾ, ಎಮ್ಮಿಗೇನಾಗೇತಿ?" ಅಂದ ಅಪ್ಪ.

ಅವ್ವ ಅದನ್ನ ಪಡಸಾಲ್ಯಾಗ ಗ್ವಾಡಿ ಮಣ್ಣ ಉದುರಿದ ಜಾಗಾಕ್ಕ ತೂಗಹಾಕಿದ್ಲು. ತೂತ ಮುಚ್ಚಾಕ ಬಂತು ನನ್ನ ಕಲಾ! ಸಿಟ್ಟಿಗೆದ್ದು ಅವತ್ತ ಊಟಾ ಬಿಟ್ಟೆ. ಯಾರೂ ಕೇಳಲಿಲ್ಲ.

ಕೇಳೂವಂಥಾ ಹೊತ್ತೂ ಅಲ್ಲದು. ಅಪ್ಪನ ಅವ್ವ, ನಮ್ಮಾಯಿ, ಕಣ್ಣಾಗ ಪೊರಿ ಬೆಳದು ಏನೂ ಕಾಣದಂಗಾಗಿ ಮೂಲಿ ಹಿಡದಿದ್ಲು. ಸಂಜಿಮುಂದ ದೀಪಾ ಹಚ್ಚಿದ ಕೂಡ್ಲೆ ನಮ್ಮಲ್ಲಿ ಎಲ್ಲಾರೂ ಕೈ ಮುಗೀತಾರ. ಆಯಿ ಅದನ್ನೂ ಬಿಟ್ಟಿದ್ಲು. "ಕಾಣಲಾರದ್ದಕ್ಕ ಯಾಕ ಮುಗೀಲಿ?" ಅಂತಿದ್ಲು. ಅಂಥಾ ಹಟಮಾರಿ.

ನವಲಗುಂದದಾಗ ಕಣ್ಣಿನ ಶಿಬಿರ ನಡದಾಗ ಆಪರೇಶನ್ ಮಾಡಿಸಿದ್ವಿ. ಪಟ್ಟಿ ಬಿಚ್ಚಿದ್ರು.

"ಏನರ ಕಾಣತೇತೇನಬೇ?" ಅಂತ ಅಪ್ಪ ಕೇಳಿದ.

"ಏನಿಲ್ಲಪಾ. ಬರೇ ಮಂಜ."

ಸ್ವಲ್ಪ ದಿನಾ ನೋಡೂಣು, ಆಮ್ಯಾಲೆ ಚಸ್ಮಾ ಕೊಡತೇವಿ ಅಂದ್ರು ಡಾಕ್ಟರು. ಬಸ್ ಹಿಡದು ಊರಿಗೆ ಹೊಳ್ಳಿದ್ವಿ. ಕಣ್ಣ ಹೋದ್ವು ಅಂತ ನನಗ ಖಾತ್ರಿ ಆಗಿತ್ತು. ಭರವಸಿ ಭರವಸಿ ಅಂತ ಭಾಷಣಾ ಬಿಗಿದದ್ದು ನೆನಪಾಗಿ ನಾಚಿಕಿ ಬ್ಯಾರೆ.

ಮನಿ ಮುಟ್ಟಿದಾಗ ಇಳಿಹೊತ್ತು. ಆಯಿ ಕೈ ಹಿಡದು ಪಡಸಾಲಿ ದಾಟಸಾಕತ್ತಿದ್ದೆ. ನಡಕ ನಿಂತ್ಲು. ನನ್ನ ಕೈ ಕೊಸರಿಕೊಂಡು, ಗ್ವಾಡಿ ಕಡೆ ಹೊಳ್ಳಿ, ಎರಡೂ ಕೈ ಜೋಡಿಸಿ ಮುಗದ್ಲು.

"ಯಾಕವಾ, ಇಷ್ಟ ಲಗೂ ದೀಪಾ ಹಚ್ಚಿಬಿಟ್ಟಿ?" ಅಂತ ಅವ್ವನ್ನ ಕೇಳಿದ್ಲು.

ಮನ್ಯಾಗ ಇನ್ನೂ ಒಂದೂ ದೀಪಾ ಹಚ್ಚಿರಲಿಲ್ಲ. ಆಕಿ ಮುಂದ ಇದ್ದದ್ದು ನನ್ನ ಚಿತ್ರ ಅಷ್ಟ. ಅಪ್ಪ ಚಪ್ಪಲಿ ಬಿಡೂದ ಮರತು ಒಳಗ ಓಡಿ ಬಂದ.

"ಯವ್ವಾ, ಮತ್ತೇನ ಕಾಣತೇತಿ?"

ಆಯಿ ಕಣ್ಣ ಕಿರಿದ ಮಾಡಿದ್ಲು. "ದೀಪದ ಬಾಜೂಕ ಏನೋ ನೀಲೀದು ಕಾಣತೇತಿ. ಸೀರಿ ಒಣಹಾಕೀರೇನು?"

"ಅದು ಎಮ್ಮಿಬೇ," ಅಂದ ಅಪ್ಪ, ಅಳಕೋಂತ.