ಇಮಾಮಸಾಬ ಮಿಸ್ತ್ರಿ ಮತ್ತು ನಮ್ಮ ಮನೆಯ ಲಿಫ್ಟ್

ಇಮಾಮಸಾಬ ಮಿಸ್ತ್ರಿ ನಮ್ಮ ಶೆಡ್ಡಿನ ಬಾಗಿಲಿಗೆ ಬಂದವನೇ ಚಪ್ಪಲಿ ಕಳಚಿಟ್ಟ. ಎಣ್ಣೆ, ಮೊಳೆ, ಕಬ್ಬಿಣದ ಚೂರು ಬಿದ್ದಿರುವ ಜಾಗದಲ್ಲಿ ಬರಿಗಾಲಲ್ಲಿ ನಡೆಯುವವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಂದು ಹೆಜ್ಜೆ ಇಡುವುದು, ಹಿಮ್ಮಡಿಯಿಂದ ನೆಲವನ್ನು ಧಪ್ ಎಂದು ಗುದ್ದುವುದು, ತಲೆ ಓರೆ ಮಾಡಿ ಕೇಳುವುದು, ಮತ್ತೊಂದು ಹೆಜ್ಜೆ. ಹೀಗೆ ಮೂಲೆಯಿಂದ ಮೂಲೆಗೆ ಹೋದ. ಇವನ ತಲೆ ಸರಿ ಇದೆಯೋ ಇಲ್ಲವೋ ಎಂದು ನಾನು ಸೊಸೆಯ ಮುಖ ನೋಡಿದೆ.

ಊರು ಅವನದು ಆಳಂದ ಕಡೆಯ ನರೋಣಾ. ಕಾರು ಎತ್ತುವ ಲಿಫ್ಟ್ ಕೂಡಿಸುವುದೇ ಅವನ ಉದ್ಯೋಗ. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಗ್ಯಾರೇಜಿಗೆ ಲಿಫ್ಟ್ ಬಂದರೂ ಹಳೆಯ ಮೊಪೆಡ್ಡಿನ ಮೇಲೆ ಪಾನಾ, ಸುತ್ತಿಗೆ ತುಂಬಿದ ಗೋಣಿಚೀಲ ಹೇರಿಕೊಂಡು ಹೋಗುತ್ತಿದ್ದ. ಒಣಕಲು ಮನುಷ್ಯ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಅನ್ನುತ್ತಿದ್ದ. ಅದಕ್ಕೇ ‘ಅವನು’ ಎಂದು ಬರೆಯುತ್ತಿದ್ದೇನೆ, ಮರ್ಯಾದೆ ಕಡಿಮೆ ಎಂದಲ್ಲ.

ನಮಗೆ ಲಿಫ್ಟ್ ಬೇಕಾದದ್ದು ಷೋಕಿಗೆ ಅಲ್ಲ. ನಮ್ಮದು ಚೌಡಾಪುರ. ಗಾಣಗಾಪುರಕ್ಕೆ ಹೋಗುವ ಗಾಡಿಗಳು ದಾರಿಯಲ್ಲಿ ಕೆಟ್ಟರೆ ನನ್ನ ಮಗ ಶರಣಪ್ಪನ ಹತ್ತಿರ ಬರುತ್ತವೆ. ಮನೆಗೆ ಹತ್ತಿದ ತಗಡಿನ ಶೆಡ್ಡೇ ಅವನ ಗ್ಯಾರೇಜು. ಜಾಕ್ ಹಚ್ಚಿ, ಬುಡಕ್ಕೆ ಕಲ್ಲು ಕೊಟ್ಟು, ಅಂಗಾತ ಮಲಗಿ ಗಾಡಿಯ ಕೆಳಗೆ ತೂರುತ್ತಿದ್ದ. ಒಂದು ದಿನ ಜಾಕ್ ಜಾರಿತು. ಗಾಡಿ ಕಲ್ಲಿನ ಮೇಲೆ ಕೂತಿದ್ದರಿಂದ ಹುಡುಗ ಉಳಿದ. ಅವನ ಎದೆಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳು. ಹೊರಗೆ ಎಳೆದ ಮೇಲೆ ಸೊಸೆ ಅತ್ತಳು, ನಾನು ಅಳಲಿಲ್ಲ. “ಲಿಫ್ಟ್ ಹಾಕ್ಸು. ಇಲ್ಲಂದ್ರ ನಾಳಿಂದ ಹೊಲಕ್ಕ ನಡಿ,” ಅಂದೆ.

ಶರಣಪ್ಪ ಮೊಬೈಲಿನಲ್ಲಿ ನೋಡಿ ಒಂದನ್ನು ಆರಿಸಿಟ್ಟಿದ್ದ. ಎತ್ತರದ ಎರಡು ಕೆಂಪು ಕಂಬ, ಅವುಗಳ ತಲೆಗೆ ಒಂದು ಅಡ್ಡಪಟ್ಟಿ. ಇಮಾಮಸಾಬ ಆ ಚಿತ್ರವನ್ನು ಅರೆಗಣ್ಣಿನಲ್ಲಿ ನೋಡಿ, ಶೆಡ್ಡಿನಲ್ಲಿ ನಿಂತಿದ್ದ ಜೀಪಿನ ಬಾನೆಟ್ ಎತ್ತಿಸಿ, ಟೇಪು ಹಿಡಿದು ಅಳೆದ. ಆಮೇಲೆ ತಗಡಿನ ಕಡೆ ಕತ್ತೆತ್ತಿದ.

“ಶರಣಪ್ಪಾ, ಗಾಡಿ ಮ್ಯಾಲ ಹೋದಾಗ ಬಾನೆಟ್ ತೆರಿಯಂವ ಅದೀಯೋ ಇಲ್ಲೋ?”

“ತೆರೀಬೇಕಲ್ರಿ ಮತ್ತ.”

“ಹಂಗಾರ ತಗಡಿಗೆ ಒಂದು ಕಿಡಕಿ ಇಡ್ಸು. ಬಾನೆಟ್ ಹೊರಗ ಬಂದು ಹವಾ ತಗೋತೈತಿ.”

ನಾನು ನಕ್ಕುಬಿಟ್ಟೆ. ಮಗ ನಗಲಿಲ್ಲ. ಕಡೆಗೆ ಇಮಾಮಸಾಬ ಹೇಳಿದ್ದನ್ನೇ ತರಿಸಬೇಕಾಯಿತು: ಬಾನೆಟ್ ತಗಡಿಗೆ ತಾಕದಷ್ಟೇ ಎತ್ತುವ ಗಿಡ್ಡ ಕಂಬದ್ದು, ಎರಡೂ ಕಂಬಗಳನ್ನು ಕೂಡಿಸುವ ಪಟ್ಟಿ ನೆಲಕ್ಕೇ ಹತ್ತಿದ್ದು. ನೋಡಲು ಚಂದ ಇಲ್ಲ. ಅದೇನು ಮದುವೆ ಹೆಣ್ಣೇ?

ಆದರೆ ಅವನ ಕಾಲು ಮತ್ತೆ ಮತ್ತೆ ಒಂದೇ ಕಡೆ ಹೋಗುತ್ತಿತ್ತು. ಬಲಗಡೆಯ ಗೋಡೆಯ ಹತ್ತಿರ ನಿಂತು ನೆಲದ ಫರ್ಸಿ ಕಲ್ಲನ್ನು ಮೂರು ಸಲ ಹಿಮ್ಮಡಿಯಿಂದ ಗುದ್ದಿದ.

“ಅಕ್ಕಾರ, ಇದರ ಬುಡಕ ಏನೈತ್ರಿ?”

“ಏನಿರ್ತೈತಿ? ಮಣ್ಣು. ನಮ್ಮತ್ತಿ ಕಾಲದಾಗ ಇಲ್ಲಿ ಜ್ವಾಳದ ಚಕ್ಕಡಿ ನಿಲ್ತಿದ್ವು.”

“ಹಗೇವು ಏನರೆ?”

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ನಮ್ಮ ಮನೆಯದು ಕಾಳು ಕಂಡು ಎಷ್ಟೋ ವರ್ಷವಾಗಿತ್ತು. “ಹಗೇವು ಗ್ವಾಡಿ ಆಚೆ ಐತಿ. ಶೆಡ್ಡಿನಾಗ ಇಲ್ಲ,” ಎಂದು ಕಡ್ಡಿ ಮುರಿದಂತೆ ಹೇಳಿದೆ.

“ನಮ್ಮವ್ವಗ ಈ ಮನಿ ಇಂಚಿಂಚೂ ಗೊತ್ತೈತ್ರಿ,” ಎಂದು ಶರಣಪ್ಪ ನನ್ನ ಮಾತು ಹಿಡಿದ. ಇಮಾಮಸಾಬ ವಾದ ಮಾಡಲಿಲ್ಲ. “ಹಗೇವಿನ ಬಾಯಿ ತೋರ್ಸ್ರಿ,” ಅಂದ.

ಗೋಡೆಯ ಆಚೆ ಹಳೆಯ ಟೈರುಗಳ ಬುಡದಲ್ಲಿತ್ತು. ಚಪ್ಪಡಿ ಸರಿಸಿದಾಗ ಹುಳಿತ ವಾಸನೆ ಬಂತು. ಅವನು ಯಾರನ್ನೂ ಬಗ್ಗಗೊಡಲಿಲ್ಲ, “ಮೊದಲ ಕೆಟ್ಟ ಹವಾ ಹೋಗ್ಲಿ,” ಎಂದು ದೂರ ನಿಲ್ಲಿಸಿದ. ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಕೇಳಿದ:

“ಅಕ್ಕಾರ, ನೀವು ಇದರಾಗ ಇಳದೀರೇನು?”

“ಇಳದೇನಿ. ಮದಿವ್ಯಾಗಿ ಬಂದ ವರ್ಷ. ಸಣ್ಣಾಕಿ ಇದ್ದೆ, ಈ ಬಾಯಾಗ ಹಿಡೀತಿದ್ದೆ.”

“ಒಬ್ಬರೇ?”

“ನಾನು, ನಮ್ಮ ನೆಗೆಣ್ಣಿ. ಇಬ್ಬರೂ ಕೈ ಬೀಸಿ ಬುಟ್ಟಿ ತುಂಬ್ತಿದ್ವಿ...”

ಅಂದವಳು ಅಲ್ಲಿಗೇ ಬಾಯಿ ಮುಚ್ಚಿದೆ. ಹಗೇವು ಗಡಿಗೆಯ ಹಾಗೆ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಗೋಡೆಯ ಆಚೆ ಇದ್ದದ್ದು ಬಾಯಿ ಮಾತ್ರ. ಒಳಗೆ ನಿಂತು ಕೈ ಬೀಸಿದವಳಿಗೇ ಅದು ತಿಳಿಯದೆ ಹೋಗಿತ್ತು.

ಇಮಾಮಸಾಬ ಶರಣಪ್ಪನನ್ನು ಶೆಡ್ಡಿನೊಳಗೆ, ಬಲಗಡೆಯ ಕಂಬ ಬರಬೇಕಾದ ಜಾಗದಲ್ಲಿ ನಿಲ್ಲಿಸಿದ. ಒಂದು ಉದ್ದ ಬಿದಿರನ್ನು ಬಾಯಿಯಿಂದ ಓರೆಯಾಗಿ ಇಳಿಬಿಟ್ಟು ಆಚೆಯ ಮಗ್ಗುಲನ್ನು ಕುಟ್ಟಿದ.

“ಎಲ್ಲಿ ಕೇಳ್ತೈತಿ, ತಮ್ಮಾ?”

ಒಳಗಿನಿಂದ ಮಗ ಕೂಗಿದ: “ನನ್ನ ಕಾಲ ಬುಡಕ್ರೀ!”

ಅಷ್ಟಾದರೂ ನನ್ನ ಮಗನಿಗೆ ಬುದ್ಧಿ ಬರಲಿಲ್ಲ. ಫೋನ್ ಮಾಡಿದರೆ ಲಿಫ್ಟ್ ಎರಡು ದಿನಕ್ಕೆ ಬರುವುದಿತ್ತು, ಗಿರಾಕಿಗಳಿಗೆ ಮಾತು ಕೊಟ್ಟಿದ್ದ. ಕಂಬವನ್ನು ಎರಡು ಫೂಟು ಈಚೆ ಸರಿಸೋಣ ಅಂದ. ಇಮಾಮಸಾಬ ಹೋಗಿ ಚಪ್ಪಲಿ ಮೆಟ್ಟಿದ.

“ಜಲ್ದಿ ಇದ್ರ ಬ್ಯಾರೆ ಮಿಸ್ತ್ರಿ ಕರಿ, ತಮ್ಮಾ.” ಇದು ಅವನ ಕಾಯಂ ಮಾತು ಎಂದು ನನಗೆ ಆಮೇಲೆ ತಿಳಿಯಿತು.

“ಅಷ್ಟ್ಯಾಕ ಅಂಜ್ತೀರಿ? ಕಬ್ಬಿಣದ ಕಂಬ ಬೀಳ್ತಾವೇನ್ರಿ?”

“ಕಂಬ ಮಜಬೂತ್ ಇರ್ತೈತಪಾ. ನೆಲ ಕುಸೀತೈತಿ. ಆವಾಗ ಮ್ಯಾಲ ಗಾಡಿ, ಕೆಳಗ ನೀ. ನಿಮ್ಮವ್ವಗ ನಾ ಯಾವ ಮಾರಿ ತೋರ್ಸ್ಲಿ?”

ತಪ್ಪಾಯಿತು ಅನ್ನುವ ರೂಢಿ ನನಗಿಲ್ಲ. ಆವತ್ತು ಅಂದೆ. “ಇಮಾಮಸಾಬ, ಚಪ್ಪಲಿ ಬಿಡ್ರಿ. ತಪ್ಪು ನಂದು. ಇಂವನ ಮಾತು ಕೇಳಬ್ಯಾಡ್ರಿ, ಏನ್ ಮಾಡಬೇಕು ನನಗ ಹೇಳ್ರಿ. ಲೇ ಶರಣ್ಯಾ, ಬಾಯಿ ಮುಚ್ಚು.”

ಫರ್ಸಿ ಎಬ್ಬಿಸಿದರು. ಹಗೇವಿನ ನೆತ್ತಿಯನ್ನು ಮೇಲಿನಿಂದ ಒಡೆದು ಗಟ್ಟಿ ಗರಸುಮಣ್ಣು ತುಂಬಿದರು. ಗೇಣು ಗೇಣಿಗೆ ನೀರು, ಗೇಣು ಗೇಣಿಗೆ ದಮ್ಮಸು. ಸುತ್ತಲಿನ ಎರೆಮಣ್ಣನ್ನೂ ತೆಗೆಸಿದ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆಮೇಲೆ ಸರಳು ಹೆಣೆದು ಕಾಂಕ್ರೀಟು. ಲಿಫ್ಟ್ ಬಂದು ಒಂದು ತಿಂಗಳು ಗೋಡೆಗೆ ಒರಗಿ ನಿಂತಿತು. ಕಾಂಕ್ರೀಟಿಗೆ ನೀರು ಹಾಕುವ ಕೆಲಸ ನನ್ನದು. “ಮಗನ ಕೈಯಾಗ ಕೊಡಬ್ಯಾಡ್ರಿ, ನಾಕು ದಿನಕ್ಕ ‘ಒಣಗೈತಿ’ ಅಂತಾನ,” ಎಂದು ಹೇಳಿ ಹೋಗಿದ್ದ. ದಿನಕ್ಕೆ ಮೂರು ಸಲ ಗೋಣಿತಟ್ಟು ತೋಯಿಸಿದೆ. ಸೊಂಟ ಹಿಡಿಯಿತು. ಶರಣಪ್ಪ ಮೂತಿ ಉಬ್ಬಿಸಿಕೊಂಡು ತಿರುಗಿದ. ತಿರುಗಲಿ ಎಂದು ಬಿಟ್ಟೆ.

ಕೂಡಿಸಿದ ದಿನ ಬೋಲ್ಟುಗಳನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದ. ಜೀಪನ್ನು ಮೊದಲು ಒಂದು ಗೇಣು ಎತ್ತಿ ಅಲುಗಾಡಿಸಿ ನೋಡಿದ. ಆಮೇಲೆ ಪೂರಾ ಮೇಲಕ್ಕೆ ಹೋಯಿತು. ಗಾಡಿ ಜಾರದಂತೆ ಹಿಡಿಯುವ ಕೊಕ್ಕೆಗಳು ಕಂಬಗಳ ಒಳಗೆ ಕಟಕ್ ಕಟಕ್ ಎಂದು ಬಿದ್ದವು. ಶರಣಪ್ಪ ಜೀಪಿನ ಕೆಳಗೆ ಹೋಗಲು ಕಾಲು ಎತ್ತಿದ್ದ, ಇಮಾಮಸಾಬ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ. “ನೀ ಅಲ್ಲ. ಮೊದಲ ನಾ.” ಟವೆಲ್ ಹಾಸಿ ಜೀಪಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ.

“ಅಕ್ಕಾರ, ರೊಟ್ಟಿ ಆಗ್ಯಾವೇನ್ರಿ? ಇಲ್ಲೇ ಕೊಡ್ರಿ.”

ಅವನು ಕೂಡಿಸಿದ ಎಲ್ಲ ಲಿಫ್ಟುಗಳ ಕೆಳಗೂ ಹೀಗೆಯೇ ಒಂದು ಊಟ ಮಾಡುತ್ತಿದ್ದನಂತೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವಸರವಿಲ್ಲದೆ ಉಂಡ, ಮೂರನೆಯ ರೊಟ್ಟಿ ಕೇಳಿದ. ಬಡಿಸಲು ನಾನೂ ಬಗ್ಗದೆ, ನೆಟ್ಟಗೆ ನಡೆದುಕೊಂಡು ಒಳಗೆ ಹೋದೆ. ತಲೆಯ ಮೇಲೆ ಜೀಪು. ಏನೂ ಆಗಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಯಿತು.

ಈಗ ಇಮಾಮಸಾಬ ಇಲ್ಲ. ರಂಜಾನಿಗೆ ಮುಂಚೆ ಹೋದ. ಶರಣಪ್ಪ ನರೋಣಾಕ್ಕೆ ಹೋಗಿ ಮಣ್ಣು ಕೊಟ್ಟು ಬಂದ. ಇಮಾಮಸಾಬ ಕಡೆಯ ಸಲ ಬೋಲ್ಟು ನೋಡಲು ಬಂದಾಗ ಮಟಮಟ ಮಧ್ಯಾಹ್ನ. ನಾನು ಪಡಸಾಲೆಯಲ್ಲಿ ಮಲಗಿದ್ದೆ. ಶೆಡ್ಡಿನಲ್ಲಿ ಮಗ ಗಾಡಿಯ ಕೆಳಗಿದ್ದ. ಸೊಸೆ ನನ್ನನ್ನು ಎಬ್ಬಿಸಲು ಬಂದರೆ ಇಮಾಮಸಾಬನೇ ಬೇಡ ಅಂದನಂತೆ.

“ಮಲಗ್ಲಿ ಬಿಡವಾ. ಮಗ ಗಾಡಿ ಬುಡಕ ಅದಾನ, ತಾಯಿ ಗೊರಕಿ ಹೊಡ್ಯಾಕತ್ಯಾಳ. ಬೋಲ್ಟ್ ಇನ್ನೇನು ನೋಡೂದೈತಿ?”

ಆದರೂ ಒಂದೊಂದನ್ನೂ ಬಿಗಿದೇ ಹೋದ. ನನಗೆ ಎಚ್ಚರವಾದಾಗ ಸಂಜೆಯಾಗಿತ್ತು.