ಜರಡಿ ಕೇಳಲು ಬಂದ ಚಿಕ್ಕಮ್ಮ

ಹಳೆಯ ಸೋಫಾ ಬಿಚ್ಚಿದರೆ ಅದರ ಹೊಟ್ಟೆಯಲ್ಲಿ ಒಂದು ಸಂಸಾರವೇ ಸಿಗುತ್ತದೆ ಎಂದು ಸ್ಪ್ರಿಂಗಣ್ಣ ಹೇಳುತ್ತಿದ್ದ. ಬಾಚಣಿಗೆ, ಪೆನ್ನಿನ ಮುಚ್ಚಳ, ಮಕ್ಕಳು ನುಂಗಲಾರದೆ ಸಂದಿಗೆ ತುರುಕಿದ ಮಾತ್ರೆ, ಕದ್ದರೆಂದು ಯಾರೋ ಯಾರ ಮೇಲೋ ಅನುಮಾನಪಟ್ಟು ಮಾತು ಬಿಡಲು ಕಾರಣವಾಗಿದ್ದ ಕಿವಿಯೋಲೆ. ಸಿಕ್ಕಿದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ, ರಿಪೇರಿಯಾದ ಸೋಫಾದ ಜೊತೆಗೇ ಮನೆ ಮುಟ್ಟಿಸುವುದು ಅವನ ಪದ್ಧತಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಹರೆಯದಿಂದ ನರೆಗೂದಲಿನವರೆಗೆ ಸ್ಪ್ರಿಂಗು, ನಾರು, ಸ್ಪಂಜುಗಳ ನಡುವೆಯೇ ಕೂತವನನ್ನು ಬೀದಿಯವರು ಆ ಹೆಸರಿನಿಂದ ಕರೆಯುವುದನ್ನು ಎಂದೋ ಬಿಟ್ಟಿದ್ದರು. ಹೆಂಡತಿ ಪಕ್ಕದಲ್ಲೇ ಮೆಷಿನ್ ಹಾಕಿಕೊಂಡು ಕವರು ಹೊಲಿಯುತ್ತಿದ್ದಳು. ಅಂಗಡಿ ಎಷ್ಟು ಚಿಕ್ಕದೆಂದರೆ ಎರಡು ಸೋಫಾ ಒಳಗಿದ್ದರೆ ಮೂರನೆಯದಕ್ಕೆ ಫುಟ್‌ಪಾತೇ ಗತಿ.

ಆಳು ಸಾಧು, ಮಾತು ಕಮ್ಮಿ, ಕೆಲಸ ಗಟ್ಟಿ. ಒಂದೆರಡು ವಿಚಿತ್ರಗಳನ್ನು ಮಾತ್ರ ಹೆಂಡತಿ ಮದುವೆಯಾದಾಗಿನಿಂದ ಸಹಿಸಿಕೊಂಡು ಬಂದಿದ್ದಳು. ಮನೆಯ ಗೇಟಿನ ಚಿಲಕವನ್ನು ಅವನು ಕಿತ್ತು ಹಾಕಿ ಹಗ್ಗ ಕಟ್ಟಿದ್ದ. ಊರಿನ ಮುರುಕು ಕುರ್ಚಿಗೆಲ್ಲ ಕಾಲು ಕೊಡುವವರು, ಸ್ವಂತ ಗೇಟಿಗೆ ಮಾತ್ರ ಹಗ್ಗ ಎಂದು ಅವಳು ನೆಂಟರ ಮುಂದೆ ಆಡಿಕೊಂಡರೂ ಅವನದು ಅದೇ ನಗು. ಮಗಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅವಳು ಚಿಕ್ಕವಳಿದ್ದಾಗ ತೀರಾ ಹಟ ಹಿಡಿದು ಕೂತರೆ ತಾನೇ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿ, ಎಲ್ಲ ತಣ್ಣಗಾದ ಮೇಲೆ ಬರುತ್ತಿದ್ದ. ತನ್ನ ಅಪ್ಪನ ಮಾತು ಬಂದರೆ "ಹೋದ್ರು" ಎನ್ನುವುದಷ್ಟೇ. ಇನ್ನೊಂದು ಪದ ಬಾಯಿಂದ ಬಿದ್ದದ್ದಿಲ್ಲ.

ಅಂಥವನ ಕೈಗೆ ಒಂದು ಪುಸ್ತಕ ಸಿಕ್ಕಿತು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಡಂ ಒಬ್ಬರ ಸೋಫಾ ಬಿಚ್ಚುವಾಗ ಬೆನ್ನಿನ ಸಂದಿಯಲ್ಲಿ ಜಾರಿ ಕೂತಿತ್ತು. ವಾಪಸು ಕೊಡಲು ಹೋದರೆ ಆ ಮೇಡಂ ನಕ್ಕುಬಿಟ್ಟರು. ಅರ್ಧ ಓದಿದ ಮೇಲೆ ಕಳೆದುಹೋಯಿತೆಂದು ಮನೆಯವರನ್ನೆಲ್ಲ ಬೈದು, ತಡೆಯಲಾರದೆ ಇನ್ನೊಂದು ಕೊಂಡು ಓದಿ ಮುಗಿಸಿದ್ದರಂತೆ. ಇದನ್ನು ನೀವೇ ಇಟ್ಟುಕೊಳ್ಳಿ ಎಂದರು. ಮೇಲೆ, ಒಂದೇ ಸಲಕ್ಕೆ ಓದಬೇಡಿ, ಕಷ್ಟದ ಪುಸ್ತಕ, ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಸ್ಪ್ರಿಂಗಣ್ಣ ಪೇಪರು ಬಿಟ್ಟರೆ ಬೇರೆ ಓದುವವನಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ, ಅರ್ಧ ಬಿಚ್ಚಿದ ಯಾರದೋ ಸೋಫಾದ ಮೇಲೆ ಕೂತು ತೆರೆದ. ಒಬ್ಬ ಹೆಂಗಸು ತನ್ನ ಬಾಲ್ಯದ ಬಗ್ಗೆ ಬರೆದದ್ದು. ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಬೆಳೆದವಳು. ಆಕೆ ಅತ್ತೂ ಕರೆದೂ ಬರೆದಿರಲಿಲ್ಲ, ಎದುರಿಗೆ ಕೂತು ಹೇಳಿದ ಹಾಗೆ ಬರೆದಿದ್ದಳು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಿಂದಲೇ ಆ ಸಂಜೆ ಹೇಗೆ ಕಳೆಯುತ್ತದೆಂದು ತನಗೆ ತಿಳಿಯುತ್ತಿತ್ತು ಎಂದು ಮೊದಲನೆಯ ಅಧ್ಯಾಯದಲ್ಲೇ ಇತ್ತು. ಸ್ಪ್ರಿಂಗಣ್ಣ ಪುಸ್ತಕ ಮುಚ್ಚಿ, ಬಾಯಿಗೆ ನಾಲ್ಕು ಮೊಳೆ ಇಟ್ಟುಕೊಂಡು ಸುತ್ತಿಗೆ ಹಿಡಿದ. ಇದು ತನ್ನೊಬ್ಬನಿಗೇ ಗೊತ್ತಿರುವ ವಿದ್ಯೆ ಎಂದು ಇಷ್ಟು ದಿನ ಅಂದುಕೊಂಡಿದ್ದ. ಅವನಿಗೆ ಚಪ್ಪಲಿಯಲ್ಲ, ಗೇಟಿನ ಚಿಲಕ. ಚಿಲಕ ಮೆಲ್ಲಗೆ ಬಿದ್ದರೆ ಊಟ, ಠಣ್ಣೆಂದರೆ ಬೆಲ್ಟು.

ಅವನ ಅಪ್ಪ ಒಂದು ಗೋದಾಮಿನಲ್ಲಿ ತೂಕದ ಗುಮಾಸ್ತ. ಊರಿಗೆ ಉಪಕಾರಿ, ಮನೆಗೆ ಮಾರಿ. ಹೊರಗಿನವರ ಪಾಲಿಗೆ ಅಷ್ಟು ನಯವಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮನೆಯಲ್ಲಿ ಅಮ್ಮ, ಅಕ್ಕ, ಇವನು, ಮೂವರೂ ಉಸಿರು ಬಿಗಿಹಿಡಿದು ಬದುಕಿದವರು. ಅಮ್ಮ ಹೋದಳು, ಅಪ್ಪನೂ ಹೋದ. ಅಕ್ಕ ತಮ್ಮ ಇಬ್ಬರೂ ಆ ಮನೆಯ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ.

ಆದರೂ ದಿನಾ ಮಧ್ಯಾಹ್ನ ಒಂದಿಷ್ಟು ಪುಟ ಓದಿದ. ಓದುವಾಗ ಅವನಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಕೆಲವು ಸಾಲಿಗೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಗಂಡ ಪುಸ್ತಕಕ್ಕೆ ತಲೆಯಾಡಿಸುವುದನ್ನು ಹೆಂಡತಿ ಮೆಷಿನ್ನಿನ ಹಿಂದಿನಿಂದ ನೋಡುತ್ತಿದ್ದಳು.

ನಡುವಿನಲ್ಲೆಲ್ಲೋ ಒಂದು ಪುಟ ಬಂತು. ನಮ್ಮ ಮನೆಯ ಗೋಡೆ ತೆಳು, ಎಂದು ಆಕೆ ಬರೆದಿದ್ದಳು. ಪಕ್ಕದ ಮನೆಯವರು ಕೆಮ್ಮಿದರೆ ನಮಗೆ ಕೇಳಿಸುತ್ತಿತ್ತು. ನಾನು ಕೂಗಿದ್ದು ಅವರಿಗೂ ಕೇಳಿಸಿರಲೇಬೇಕು. ಆದರೆ ಆ ಮನೆಯಲ್ಲಿದ್ದಷ್ಟು ವರ್ಷವೂ ಒಬ್ಬರೇ ಒಬ್ಬರು ಬಂದು ನಮ್ಮ ಬಾಗಿಲು ತಟ್ಟಲಿಲ್ಲ.

ಸ್ಪ್ರಿಂಗಣ್ಣ ಆ ಸಾಲನ್ನು ಎರಡು ಸಲ ಓದಿದ. ನಮ್ಮ ಬಾಗಿಲು ತಟ್ಟುತ್ತಿದ್ದರಲ್ಲ, ಎಂದುಕೊಂಡ.

ಸಾಲುಮನೆಯಲ್ಲಿ ಇವರ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಹೆರಿಗೆ ಆಸ್ಪತ್ರೆಯ ಆಯಾ ಒಬ್ಬರಿದ್ದರು. ನೆಂಟರೇನಲ್ಲ, ಬಾಯಿಮಾತಿಗೆ ಚಿಕ್ಕಮ್ಮ. ಕಡ ಕೇಳದ ಸಂಜೆ ಇಲ್ಲದ್ದರಿಂದ ಮಕ್ಕಳ ಬಾಯಲ್ಲಿ ಕಡದ ಚಿಕ್ಕಮ್ಮ. ಬೆಂಕಿಪೊಟ್ಟಣ, ಸೂಜಿ, ಒಂದು ಹಿಡಿ ಉಪ್ಪು, ಅದೂ ಅಪ್ಪ ಮನೆಗೆ ಬಂದ ಹೊತ್ತಿಗೇ. ನೋಡಿದವರಿಗೆ ಬರೀ ಹೋದ ಪುಟ್ಟ ಬಂದ ಪುಟ್ಟ. ಬಂದವರು ಕೇಳಿದ್ದನ್ನು ಎಷ್ಟೋ ಸಲ ತೆಗೆದುಕೊಂಡು ಹೋಗುತ್ತಲೂ ಇರಲಿಲ್ಲ. ಹೊಸ್ತಿಲ ಒಳಗೆ ಕಾಲು ಚಾಚಿ ಕೂತು, ಆಸ್ಪತ್ರೆಯಲ್ಲಿ ಅವತ್ತು ಯಾರಿಗೆ ಅವಳಿಜವಳಿ, ಯಾರ ಗಂಡ ಹೊರಗೆ ಮೂರ್ಛೆ ಬಿದ್ದ ಎಂದು ಕತೆ ಶುರು ಮಾಡುತ್ತಿದ್ದರು. ಅಪ್ಪ ಬೆಲ್ಟನ್ನು ಬೆನ್ನ ಹಿಂದೆ ಸರಿಸಿ, ಬನ್ನಿ ಬನ್ನಿ, ಎಂದು ಸಕ್ಕರೆಯಾಗುತ್ತಿದ್ದ. ಕತೆ ಮುಗಿಯುವಷ್ಟರಲ್ಲಿ ಎಷ್ಟೋ ಸಂಜೆ ಅವನ ಸಿಟ್ಟು ಇಳಿದಿರುತ್ತಿತ್ತು. ಎಲ್ಲ ಸಂಜೆಯೂ ಅಲ್ಲ. ಕೆಲವು ಸಲ ಚಿಕ್ಕಮ್ಮ ಎದ್ದುಹೋದ ಮೇಲೆ ಬಾಕಿ ಮುಗಿಸುತ್ತಿದ್ದ.

ಒಂದು ಸಂಜೆ ಅವರು ಓಡಿಬಂದು ಜರಡಿ ಕೇಳಿದರು. ಅಮ್ಮ ಒಡೆದ ತುಟಿ ಒರೆಸಿಕೊಳ್ಳುತ್ತ, ಜರಡಿ ನಿನ್ನೆ ನೀವೇ ತಗೊಂಡು ಹೋದಿರಲ್ಲ, ಎಂದಳು. ಚಿಕ್ಕಮ್ಮ ಕಣ್ಣು ಮಿಟುಕಿಸದೆ, ಹಾಗಾದರೆ ಒಂದು ಲೋಟ ನೀರು ಕೊಡಿ, ಎಂದು ಕೂತೇಬಿಟ್ಟರು. ತನ್ನ ಮನೆಯಲ್ಲಿರುವ ಜರಡಿಯನ್ನೇ ಕಡ ಕೇಳಿದ ಹೆಂಗಸು ಎಂದು ಅಕ್ಕ ತಮ್ಮ ಎಷ್ಟೋ ದಿನ ಹೊದಿಕೆಯೊಳಗೆ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಅಂಗಡಿಯಲ್ಲಿ ಕೂತಿದ್ದ ಸ್ಪ್ರಿಂಗಣ್ಣನಿಗೆ ಈಗ ನಗು ಬರಲಿಲ್ಲ. ಅವರಿಗೆ ಬೇಕಿದ್ದದ್ದು ಜರಡಿಯಲ್ಲ, ಆ ಓಟ ಪೆಟ್ಟು ತಪ್ಪಿಸಲು ಎಂಬುದು ಇಷ್ಟು ವರ್ಷ ಕಳೆದ ಮೇಲೆ, ಕಂಡರಿಯದ ಹೆಂಗಸೊಬ್ಬಳು ಬರೆದ ಒಂದು ಸಾಲಿನಿಂದ ತಿಳಿಯಬೇಕಾಯಿತು. ಕಣ್ಣಿಂದ ನೀರು ಸುರಿದು ಪುಟದ ಮೇಲೆ ಬಿತ್ತು. ಹೆಂಡತಿ ಮೆಷಿನ್ ನಿಲ್ಲಿಸಿ ಎದ್ದು ಬಂದಳು.

ಅವತ್ತು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಅವನು ಅವಳಿಗೆ ಎಲ್ಲ ಹೇಳಿದ. ಅಪ್ಪ, ಬೆಲ್ಟು, ಚಿಲಕ, ಚಿಕ್ಕಮ್ಮ. ಅವಳು ಅವನ ಮೊಣಕೈ ಹಿಡಿದುಕೊಂಡು ಕೇಳಿದಳು. ಕೊನೆಗೆ, "ಹಗ್ಗದ ವಿಷ್ಯ ಎಷ್ಟ್ ಸಲ ಆಡಿಕೊಂಡೆ ನಾನು. ಒಂದ್ ಮಾತು ಹೇಳ್ಬಾರ್ದಿತ್ತೇನ್ರೀ?" ಎಂದಳು.

"ಹೇಳೋಕೆ ಮಾತೇ ಗೊತ್ತಿರ್ಲಿಲ್ಲ ಕಣೆ," ಎಂದ. "ಈ ಪುಸ್ತಕದಲ್ಲಿ ಸಿಕ್ತು."

ಸಂಜೆ ಅಕ್ಕನಿಗೆ ಫೋನ್ ಮಾಡಿದ. ಆ ಚಿಕ್ಕಮ್ಮ ನೆನಪಿದ್ದಾರಾ ಎಂದು ಕೇಳಿ, ತನಗೆ ಹೊಳೆದದ್ದನ್ನು ತಡವರಿಸುತ್ತ ಹೇಳಿದ. ಅಕ್ಕ, "ಅವ್ರು ಬಂದಾಗೆಲ್ಲ ಕೈಯಲ್ಲಿ ಹಿಟ್ಟು ಮೆತ್ಕೊಂಡಿರ್ತಿತ್ತು ಕಣೋ. ಕೈ ತೊಳ್ಯೋಕೂ ನಿಲ್ತಿರ್ಲಿಲ್ಲ. ನಾನು ನೋಡಿದೀನಿ, ಆದ್ರೆ ಯಾಕೆ ಅಂತ ಒಂದ್ ದಿನವೂ ಯೋಚ್ನೆ ಮಾಡ್ಲಿಲ್ಲ," ಎಂದಳು. ಅವಳೂ ಅಳುತ್ತಿದ್ದಳು. ಚಿಕ್ಕಮ್ಮ ಇನ್ನೂ ಇದ್ದಾರೆ, ಇದೇ ಊರಿನ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ವಿಳಾಸ ಕೊಟ್ಟವಳೂ ಅವಳೇ.

ಭಾನುವಾರ ಗಂಡ ಹೆಂಡತಿ ಹೋದರು. ಚಿಕ್ಕಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಹಣ್ಣಾದ ಜೀವ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಯಾರು ಎಂದು ಹೇಳಿದ ಕೂಡಲೇ ಗುರುತಿಸಿದರು. ಅಕ್ಕನ ಮಕ್ಕಳೆಷ್ಟು, ನಿನಗೆಷ್ಟು, ಸೋಫಾ ಕೆಲಸದಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದೆಲ್ಲ ವಿಚಾರಿಸಿಕೊಂಡರು. ಸ್ಪ್ರಿಂಗಣ್ಣ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಚಿಕ್ಕಮ್ಮ," ಎಂದ. "ಜರಡಿ ನಿಮ್ಮನೇಲೇ ಇತ್ತು."

ಮುದುಕಿಯ ಕೈ ಬಟಾಣಿಯಲ್ಲೇ ನಿಂತಿತು. ಮೊದಲು ನಗು ಬಂತು, ಆಮೇಲೆ ಮುಖ ಗಂಭೀರವಾಯಿತು.

"ಕೈಯಲ್ಲೇ ಇತ್ತಪ್ಪ," ಎಂದರು. "ಅದ್ರಲ್ಲೇ ಹಿಟ್ಟು ಜರಡಿ ಹಿಡೀತಿದ್ದೆ. ನಿನ್ನ ಕೂಗು ಕೇಳಿಸ್ತು. ಓಡಿ ಬಂದೆ. ಏನ್ ಕೇಳ್ಬೇಕು ಅಂತ ತೋಚದೆ, ಕೈಯಲ್ಲಿದ್ದದ್ರ ಹೆಸ್ರೇ ಬಾಯಿಗ್ ಬಂತು."

ಅವರು ಹಾಗೇ ಮುಂದುವರಿಸಿದರು. ದೊಡ್ಡವರಿಗೆ ಹೇಳಬೇಕಿತ್ತು, ಪೊಲೀಸರ ಹತ್ತಿರ ಹೋಗಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತಂತೆ. ಆಗ ಗಂಡ, ಅದು ಅವರ ಮನೆಯ ವಿಷಯ ಎಂದು ಬಾಯಿ ಮುಚ್ಚಿಸಿದನಂತೆ. "ಉಪ್ಪು, ಸೂಜಿ ಅಂತ ಕೇಳ್ಕೊಂಡು ಬಂದೆ, ಅಷ್ಟೇ. ಅದೇನ್ ದೊಡ್ಡದು?"

"ದೊಡ್ಡದು ಚಿಕ್ಕಮ್ಮ," ಎಂದ ಸ್ಪ್ರಿಂಗಣ್ಣ. "ಒಬ್ರು ಪುಸ್ತಕ ಬರೆದಿದಾರೆ. ನಮ್ಮ ಹಾಗೇ ಬೆಳೆದೋರು. ಅವ್ರ ಮನೆ ಬಾಗ್ಲಿಗೆ ಯಾರೂ ಬರ್ಲಿಲ್ಲ. ನಮ್ಮನೆಗೆ ನೀವ್ ಬಂದ್ರಿ. ಅದನ್ನ ಹೇಳೋಣ ಅಂತ ಬಂದೆ."

ಅವರು ಬಟಾಣಿ ಮೆತ್ತಿದ ಕೈಯಿಂದಲೇ ಅವನ ತಲೆ ಸವರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಮ್ಮಮ್ಮ ಪಕ್ಕದ ಮನೆಯವರ ಮುಂದೆ ನಮ್ಮ ಮಾನ ತೆಗೆಯುತ್ತಾಳೆ, ದಿನಾ ಹೋಗಿ ಕೈಯೊಡ್ಡುತ್ತಾಳೆ ಎಂದು ತಾನು ನಾಚಿಕೊಂಡು ಸಾಯುತ್ತಿದ್ದೆ ಎಂದು ಅವಳು ಚಹಾ ಕೊಡುತ್ತ ಹೇಳಿದಳು. ಅದಕ್ಕೆ ಎಲ್ಲರೂ ನಕ್ಕರು. ಚಿಕ್ಕಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಅಂದಿನಿಂದ ಭಾನುವಾರದ ಅರ್ಧ ಹೊತ್ತು ಆ ಮನೆಗೆ ಮೀಸಲಾಯಿತು. ಅಕ್ಕನೂ ಬಸ್ಸು ಹಿಡಿದು ಬರತೊಡಗಿದಳು. ಹಳೆಯ ಮನೆಯ ಮಾತನ್ನು ಅಕ್ಕ ತಮ್ಮ ಮೊದಲ ಸಲ ಬಾಯಿಬಿಟ್ಟು ಆಡಿದ್ದು ಆ ಕಿಟಕಿಯ ಹತ್ತಿರವೇ. ಆಡಿ ಮುಗಿಸಿದಾಗ ಇಬ್ಬರ ಮುಖವೂ ಜ್ವರ ಬಿಟ್ಟವರ ಮುಖದಂತಿರುತ್ತಿತ್ತು ಎಂದು ಹೆಂಡತಿ ಹೇಳುತ್ತಿದ್ದಳು.

ಒಂದು ಭಾನುವಾರ ಚಿಕ್ಕಮ್ಮ, ಅದೇನು ಪುಸ್ತಕ, ನನಗೂ ಓದಿ ಹೇಳು, ಎಂದರು. ಅವನು ಮೊದಲಿನಿಂದ ಶುರು ಮಾಡಿದ. ಎರಡನೆಯ ಅಧ್ಯಾಯದ ಹೊತ್ತಿಗೆ ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ತಡಿ. ಆ ಮಗು ಈಗ ಹೇಗಿದೆ? ಅದನ್ನ ಮೊದ್ಲು ಹೇಳು."

ಸ್ಪ್ರಿಂಗಣ್ಣ ಕೊನೆಯ ಪುಟಗಳನ್ನು ತಿರುವಿದ. ಆ ಮಗುವಿಗೆ ಈಗ ತಲೆ ನರೆತಿದೆ, ಗಿಡ ಬೆಳೆಸಿ ಮಾರುತ್ತಾರೆ, ಗಂಡ ಒಳ್ಳೆಯವನು, ಎರಡು ನಾಯಿ ಸಾಕಿದ್ದಾರೆ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಬರೆದಿದ್ದಾರೆ ಎಂದು ಹೇಳಿದ.

"ಹಾಗಾದ್ರೆ ಸರಿ," ಎಂದು ಚಿಕ್ಕಮ್ಮ ಕಾಲು ಚಾಚಿಕೊಂಡರು. "ಈಗ ಓದು, ಕೇಳ್ತೀನಿ."

ಅಕ್ಕ ಫ್ಯಾನ್ ಜೋರು ಮಾಡಿ ಪಕ್ಕಕ್ಕೆ ಬಂದು ಕೂತಳು. ಅವನು ನಿಲ್ಲಿಸಿದ್ದ ಸಾಲಿಗೆ ಬೆರಳಿಟ್ಟು ಓದಲು ಶುರು ಮಾಡಿದ.